ಪ್ರಾರ್ಥನೆ ಮಾಡಿದರೂ ಪೋರ್ನ್ ಚಟ ಯಾಕೆ ಬಿಡುತ್ತಿಲ್ಲ?

ಭಾನುವಾರದ ಆರಾಧನೆ ಮುಗಿದಿತ್ತು. ಜನ ಕೈಕುಲುಕಿ, ಮಾತಾಡಿಸಿ ಹೊರಡುತ್ತಿದ್ದರು. ಅವನೊಬ್ಬ ಮಾತ್ರ ಬೈಕ್ ನಿಲ್ಲಿಸಿದ್ದ ಮರದ ಕೆಳಗೆ ಕೀ ತಿರುಗಿಸುತ್ತಾ ನಿಂತಿದ್ದ. ನಾನು ಹತ್ತಿರ ಹೋದ ಕೂಡಲೇ "ಅಣ್ಣಾ, ಐದು ನಿಮಿಷ ಇದೆಯಾ?" ಅಂದ. ಹತ್ತು ನಿಮಿಷ ಹೆಬ್ಬಾಳದ ಫ್ಯಾಕ್ಟರಿಯ ನೈಟ್ ಶಿಫ್ಟ್ ಬಗ್ಗೆ ಹೇಳಿದ. ಊರಲ್ಲಿರುವ ಅಪ್ಪನ ಮಂಡಿನೋವಿನ ಬಗ್ಗೆ ಹೇಳಿದ. ಹೇಳಬೇಕಿದ್ದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಕೊನೆಗೆ ನೆಲ ನೋಡಿಕೊಂಡು ಅಂದ: "ನಾನು ದಿನಾ ಆ ಥರ ವಿಡಿಯೊ ನೋಡ್ತೀನಿ ಅಣ್ಣ. ಉಪವಾಸ ಮಾಡಿದೆ. ಬೈಬಲ್ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಮೂರು ದಿನ ಆದ್ಮೇಲೆ ಮತ್ತೆ ಅದೇ. ದೇವರು ನನ್ನ ಕೈ ಬಿಟ್ಟಿದ್ದಾರೆ ಅನ್ನಿಸುತ್ತೆ."

ಅವನ ಕೈಯಲ್ಲಿದ್ದ ಕೀ ಬೆವರಿಗೆ ಒದ್ದೆಯಾಗಿತ್ತು.

ಮೈಸೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಯುವಜನರ ಕೂಟ ನೋಡಿಕೊಳ್ಳುವವನು ನಾನು. ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಓದುವ ಹುಡುಗರಿಂದ, ಮದುವೆಯಾದ ಗಂಡಸರಿಂದ, ಇಬ್ಬರು ಹೆಣ್ಣುಮಕ್ಕಳಿಂದಲೂ. ನನ್ನ ಬಾಯಿಂದಲೂ ಒಂದು ಕಾಲದಲ್ಲಿ ಇದೇ ಮಾತು ಬಂದಿತ್ತು. ಸರಸ್ವತಿಪುರಂನ ಒಂದು ಪಿಜಿ ರೂಮಿನಲ್ಲಿ ನಾಲ್ಕು ವರ್ಷ ಈ ಚಟದ ಜೊತೆ ಬದುಕಿದವನು ನಾನು. ಹಾಗಾಗಿ ದೂರ ನಿಂತು ಬುದ್ಧಿ ಹೇಳುತ್ತಿಲ್ಲ. ಅವನ ವಿಷಯವನ್ನೂ ಅವನನ್ನು ಕೇಳಿ, ಗುರುತು ಸಿಗದ ಹಾಗೆ ಬರೆದಿದ್ದೇನೆ.

ಅವನ ಪ್ರಾರ್ಥನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಚಟ ಎಷ್ಟು ಗುಟ್ಟಾಗಿತ್ತೋ ಪ್ರಾರ್ಥನೆಯೂ ಅಷ್ಟೇ ಗುಟ್ಟಾಗಿತ್ತು. ನೋಡುವುದೂ ಒಬ್ಬನೇ, ಅಳುವುದೂ ಒಬ್ಬನೇ, ಆಣೆ ಮಾಡುವುದೂ ಒಬ್ಬನೇ. ಈ ಚಟದ ಬೇರಿಗೆ ನೀರೆರೆಯುವುದು ಕಾಮಕ್ಕಿಂತ ಜಾಸ್ತಿ ಈ ಗುಟ್ಟೇ ಅನ್ನುವುದು ನನಗೆ ತಡವಾಗಿ ಗೊತ್ತಾಯಿತು. ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ತಲೆಯೊಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ತಲೆಯೊಳಗಿನ ನಾಲೆ

ಮಂಡ್ಯದ ಕಡೆಯವರಿಗೆ ವಿಸಿ ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ, ಗೊತ್ತು. ಕನ್ನಂಬಾಡಿ ಅಣೆಕಟ್ಟಿನಿಂದ ಹೊರಟ ನೀರು ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಹೋಗುತ್ತದೆ. 1930ರ ದಶಕದಲ್ಲಿ ಆ ನಾಲೆ ಬರುವ ಮುಂಚೆ ಅಲ್ಲಿ ಬಹುಪಾಲು ಮಳೆ ನಂಬಿದ ಬೆದ್ದಲು ಹೊಲ. ನೀರು ಬಂತು, ಕಬ್ಬು ಬಂತು, ಭತ್ತ ಬಂತು. ನೆಲ ಮಾತ್ರ ಅದೇ. ನೀರು ಹೋಗುವ ದಾರಿ ಬದಲಾದ ಮೇಲೆ ಬೆಳೆಯೂ ಬದಲಾಯಿತು.

ನಮ್ಮ ಮೆದುಳೂ ಹೆಚ್ಚುಕಡಿಮೆ ಹೀಗೆಯೇ. ಯಾವುದಾದರೂ ಸುಖ ಸಿಕ್ಕರೆ ಅದರ ದಾರಿಯನ್ನು ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಮತ್ತೆ ಅದೇ ದಾರಿಯಲ್ಲಿ ಹೋದರೆ ಕಾಲುದಾರಿ ನಾಲೆಯಾಗುತ್ತದೆ. ಈ ಕೆಲಸದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕಕ್ಕೆ ದೊಡ್ಡ ಪಾತ್ರವಿದೆ. ಡೋಪಮಿನ್ ಅಂದರೆ ಸುಖ ಕೊಡುವ ವಸ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಪೂರ್ತಿ ಸರಿಯಲ್ಲ. ವೊಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳು ಪ್ರಸಿದ್ಧ. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮಿನ್ ಕೋಶಗಳು ಚುರುಕಾಗುತ್ತಿದ್ದವು. ರಸ ಕೊಡುವ ಮುಂಚೆ ದೀಪ ಹತ್ತುತ್ತದೆ ಅಂತ ಕೋತಿ ಕಲಿತ ಮೇಲೆ ದೀಪ ಕಂಡ ಕೂಡಲೇ ಚುರುಕಾಗತೊಡಗಿದವು. ರಸ ಸಿಕ್ಕಾಗ ಮೊದಲಿನಷ್ಟು ಚುರುಕಾಗಲಿಲ್ಲ.

ನೈಟ್ ಶಿಫ್ಟ್ ಹುಡುಗನಿಗೆ ಯಾವುದು ಆ ದೀಪ? ರೂಮಿನ ಬಾಗಿಲು ಹಾಕಿದ ಶಬ್ದ. ಚಾರ್ಜರ್ ಚುಚ್ಚಿದ ಫೋನು. ಹಾಸಿಗೆ ಮೇಲೆ ಬಿದ್ದ ದಣಿದ ಮೈ. ವಿಡಿಯೊ ಇನ್ನೂ ಶುರುವಾಗಿಲ್ಲ, ಮನಸ್ಸು ಆಗಲೇ ಅರ್ಧ ದಾರಿ ಹೋಗಿಬಿಟ್ಟಿರುತ್ತದೆ. ಅದಕ್ಕೇ ಅವನು "ನಾನು ಯಾವಾಗ ಫೋನ್ ತೆಗೆದೆ ಅಂತಾನೇ ಗೊತ್ತಾಗಲ್ಲ ಅಣ್ಣ" ಅಂದದ್ದು. ಅವನು ಸುಳ್ಳು ಹೇಳುತ್ತಿರಲಿಲ್ಲ.

ಇನ್ನೊಬ್ಬ ಸಂಶೋಧಕ ಕೆಂಟ್ ಬೆರಿಡ್ಜ್ ಹೇಳುವ ಒಂದು ವ್ಯತ್ಯಾಸ ಕನ್ನಡದಲ್ಲಿ ಬಹಳ ಚೆನ್ನಾಗಿ ಅರ್ಥವಾಗುತ್ತದೆ. ಇಷ್ಟ ಬೇರೆ, ಬೇಕು ಬೇರೆ. ಚಟ ಬಲಿತ ಹಾಗೆ ಇಷ್ಟ ಕಡಿಮೆಯಾಗುತ್ತಾ ಹೋಗುತ್ತದೆ, ಬೇಕು ಮಾತ್ರ ಬೆಳೆಯುತ್ತಾ ಹೋಗುತ್ತದೆ. ನೋಡಿದ ಮೇಲೆ ಅಸಹ್ಯ, ನೋಡುವ ಮುಂಚೆ ತಡೆಯಲಾಗದ ಸೆಳೆತ. ಇದೇ ಅನುಭವವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಹೇಳಿಕೊಂಡಿದ್ದಾನೆ. ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡುತ್ತಿಲ್ಲ, ಬೇಡವೆನ್ನುವ ಕೆಟ್ಟದ್ದನ್ನೇ ಮಾಡುತ್ತಿದ್ದೇನೆ ಅನ್ನುತ್ತಾನೆ. ಆ ಹುಡುಗನಿಗೆ ಮರದ ಕೆಳಗೇ ನಿಂತು ಅದನ್ನು ಓದಿ ಹೇಳಿದೆ. "ಇದು ಬೈಬಲ್ಲಲ್ಲಿ ಇದೆಯಾ?" ಅಂತ ಫೋನ್ ನನ್ನ ಕೈಯಿಂದ ತೆಗೆದುಕೊಂಡು ತಾನೇ ಇನ್ನೊಂದು ಸಲ ಓದಿದ.

ಒಂದು ಕಾಲದಲ್ಲಿ ಇಂಥದ್ದು ಬೇಕಾದರೆ ಸಿಡಿ ಅಂಗಡಿಗೆ ಹೋಗಿ, ಅಂಗಡಿಯವನ ಮುಖ ನೋಡಿ ಕೇಳಬೇಕಿತ್ತು. ಆ ನಾಚಿಕೆಯೇ ಒಂದು ಬೇಲಿ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆ ಬೇಲಿ ಬಿತ್ತು. ಸರ್ಕಾರ 2015ರಲ್ಲಿ 857 ತಾಣಗಳನ್ನು ತಡೆಯಲು ಹೇಳಿತು. 2018ರಲ್ಲಿ ಮತ್ತೆ 827 ತಾಣಗಳನ್ನು ತಡೆಯಲು ಹೇಳಿತು. ಒಂದು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ ಅನ್ನುವುದು ನೋಡುವವರಿಗೆಲ್ಲ ಗೊತ್ತು.

ಇದು ನಿಜಕ್ಕೂ ಕಾಯಿಲೆಯಾ, ಬರೀ ಪಾಪವಾ?

ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ಅದರ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಲೈಂಗಿಕ ನಡವಳಿಕೆಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲು ಆಗದ ಸ್ಥಿತಿಯನ್ನು ಅದರಲ್ಲಿ ಸೇರಿಸಿದ್ದಾರೆ. ಆದರೆ ಮದ್ಯ, ಮಾದಕ ವಸ್ತುಗಳ ಚಟದ ಜೊತೆ ಇಟ್ಟಿಲ್ಲ, ಆವೇಗ ತಡೆಯಲಾಗದ ತೊಂದರೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪೋರ್ನ್ ಚಟ ಅಂತ ಬೇರೆ ಹೆಸರೇ ಇಲ್ಲ. ಅಂದರೆ ಇದನ್ನು ಏನಂತ ಕರೆಯಬೇಕು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ. ಆ ಸ್ಥಿತಿ ಅನ್ನಬೇಕಾದರೆ ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ಕಾಲ ಹೀಗೇ ನಡೆದಿರಬೇಕು. ಕೆಲಸ, ಓದು, ಸಂಸಾರ, ಆರೋಗ್ಯ ಹಾಳಾಗುತ್ತಿರಬೇಕು. ಬಿಡಲು ಮತ್ತೆ ಮತ್ತೆ ಪ್ರಯತ್ನಿಸಿ ಸೋಲುವುದೂ ಅದರ ಒಂದು ಗುರುತು.

ಅದೇ ಪಟ್ಟಿಯಲ್ಲಿ ವಿಶ್ವಾಸಿಗಳಾದ ನಾವು ನಿಂತು ಓದಬೇಕಾದ ಒಂದು ಮಾತಿದೆ. 'ಇದು ತಪ್ಪು' ಎಂಬ ನೈತಿಕ ಬೇಸರ ಒಂದರಿಂದಲೇ ಬಂದ ಸಂಕಟವಾದರೆ ಅಷ್ಟಕ್ಕೇ ಅದನ್ನು ಕಾಯಿಲೆ ಅನ್ನುವಂತಿಲ್ಲ. ಜೋಶುವಾ ಗ್ರಬ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ. ಇದು ತಪ್ಪು ಎಂದು ಗಟ್ಟಿಯಾಗಿ ನಂಬುವವರು ಕಡಿಮೆ ನೋಡಿದರೂ ತಮ್ಮನ್ನು ತಾವು ಚಟಗಾರರು ಅಂದುಕೊಳ್ಳುವುದು ಜಾಸ್ತಿ ಅನ್ನುವುದು ಅವರಿಗೆ ಕಂಡದ್ದು.

ಇದನ್ನು ಓದಿ ನನ್ನ ಕೆಲವು ಗೆಳೆಯರಿಗೆ ಸಿಟ್ಟು ಬಂತು. 'ಹಾಗಾದರೆ ತಪ್ಪಲ್ಲ ಅಂತಾನಾ?' ಅಂದರು. ನನಗೆ ಹಾಗೆ ಕಾಣುವುದಿಲ್ಲ. ತಪ್ಪು ತಪ್ಪೇ. ಆದರೆ ತಿಂಗಳಿಗೆ ಒಂದು ಸಲ ಜಾರುವ ಹುಡುಗಿಗೂ, ದಿನಕ್ಕೆ ನಾಲ್ಕು ಗಂಟೆ ಕಳೆದು ಕೆಲಸ ಕಳೆದುಕೊಂಡ ಗಂಡಸಿಗೂ ಬೇಕಾದ ಸಹಾಯ ಒಂದೇ ಅಲ್ಲ. ಆ ಹುಡುಗಿಗೆ 'ನೀನು ಅಡಿಕ್ಟ್' ಅನ್ನುವ ಹಣೆಪಟ್ಟಿ ಕಟ್ಟಿದರೆ ಅವಳು ಅದನ್ನೇ ನಂಬಿ ಕುಸಿಯುತ್ತಾಳೆ. ಅವಳಿಗೆ ಬೇಕಾದದ್ದು ಕ್ಷಮೆ ಮತ್ತು ಒಬ್ಬ ಗೆಳತಿ. ಆ ಗಂಡಸಿಗೆ ಇವೆರಡರ ಜೊತೆ ವೈದ್ಯರೂ ಬೇಕು.

ಸತ್ಯವೇದ (ಬೈಬಲ್) ಏನನ್ನುತ್ತದೆ

ನಮ್ಮಲ್ಲಿ ಎಷ್ಟೋ ಜನ ಮೈಯೇ ಹೊಲಸು, ಕಾಮವೇ ಪಾಪ ಅಂದುಕೊಂಡು ಬೆಳೆದಿದ್ದೇವೆ. ಸತ್ಯವೇದ ಹಾಗೆ ಶುರುವಾಗುವುದಿಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಗಂಡು ಹೆಣ್ಣನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿ, ಎಲ್ಲವನ್ನೂ ನೋಡಿ ಬಹಳ ಒಳ್ಳೆಯದು ಅಂದನು. ಪೋರ್ನ್ ತಪ್ಪಾಗುವುದು ಮೈ ಕೆಟ್ಟದ್ದು ಅನ್ನುವ ಕಾರಣಕ್ಕಲ್ಲ. ಮೈ ಅಷ್ಟು ಬೆಲೆಯುಳ್ಳದ್ದು ಅನ್ನುವ ಕಾರಣಕ್ಕೆ. ಪರದೆಯ ಮೇಲೆ ಇರುವ ಆ ಹೆಣ್ಣುಮಗಳೂ ದೇವರ ಸ್ವರೂಪದವಳೇ. ಅವಳಿಗೂ ಒಂದು ಹೆಸರಿದೆ, ಮನೆಯಿದೆ. ಅವಳು ಒಪ್ಪಿ ನಿಂತಳಾ, ಯಾರಾದರೂ ಬಲವಂತ ಮಾಡಿದರಾ, ಕದ್ದು ಚಿತ್ರೀಕರಿಸಿದರಾ, ನೋಡುವವನಿಗೆ ಗೊತ್ತಾಗುವ ದಾರಿಯೇ ಇಲ್ಲ. 2020ರ ಡಿಸೆಂಬರ್‌ನಲ್ಲಿ ಜಗತ್ತಿನ ದೊಡ್ಡ ಪೋರ್ನ್ ತಾಣವೊಂದು, ಹಾಕಿದವರು ಯಾರೆಂದು ದೃಢಪಡದ ಲಕ್ಷಾಂತರ ವಿಡಿಯೊಗಳನ್ನು ಒಮ್ಮೆಲೇ ತೆಗೆಯಬೇಕಾಯಿತು. ಮತ್ತಾಯ 5ರಲ್ಲಿ ಯೇಸು ಸ್ವಾಮಿ ಮೋಹದ ನೋಟವನ್ನೇ ವ್ಯಭಿಚಾರ ಅಂದದ್ದು ನನಗೆ ಅರ್ಥವಾದದ್ದು ಹೀಗೆ. ನೋಟದಲ್ಲಿಯೇ ಒಬ್ಬ ಮನುಷ್ಯಳನ್ನು ವಸ್ತು ಮಾಡಿಬಿಡಬಹುದು.

ಇನ್ನೊಬ್ಬನ ಹೆಂಡತಿ ಬತ್ಷೆಬೆಯನ್ನು ಕಂಡು ಪಾಪಕ್ಕೆ ಬಿದ್ದ ಅರಸ ದಾವೀದನ ಕಥೆಯನ್ನು ನಾನು ಹುಡುಗರ ಜೊತೆ ನಿಧಾನವಾಗಿ ಓದುತ್ತೇನೆ. ಸಮುವೇಲನ ಎರಡನೆಯ ಪುಸ್ತಕ, 11ನೇ ಅಧ್ಯಾಯ. ಎಲ್ಲರೂ ಬತ್ಷೆಬೆ ಸ್ನಾನ ಮಾಡುತ್ತಿದ್ದ ಜಾಗದಿಂದ ಶುರುಮಾಡುತ್ತಾರೆ. ಅದಕ್ಕಿಂತ ಮುಂಚಿನ ಒಂದು ವಾಕ್ಯ ನೋಡಿ. ಅರಸರು ಯುದ್ಧಕ್ಕೆ ಹೋಗುವ ಕಾಲ ಅದು. ದಾವೀದ ತನ್ನ ಜನರನ್ನು ಕಳಿಸಿ ತಾನು ಯೆರೂಸಲೇಮಿನಲ್ಲಿಯೇ ಉಳಿದ. ಸಂಜೆ ಹಾಸಿಗೆಯಿಂದ ಎದ್ದು ಮಾಳಿಗೆ ಮೇಲೆ ಅಡ್ಡಾಡುತ್ತಿದ್ದ. ಕೆಲಸವಿಲ್ಲ, ಜೊತೆಗಾರರಿಲ್ಲ, ಹೊತ್ತು ಹೋಗುತ್ತಿಲ್ಲ. ಬೀಳುವುದು ಅಲ್ಲಿಂದಲೇ ಶುರುವಾಗಿತ್ತು. 'ನಿಮ್ಮ ಮಾಳಿಗೆ ಯಾವುದು?' ಅಂತ ಕೇಳಿದರೆ ಹುಡುಗರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಒಬ್ಬ 'ಬಾತ್‌ರೂಮ್' ಅನ್ನುತ್ತಾನೆ. ಇನ್ನೊಬ್ಬ 'ಬೆಂಗಳೂರಿಂದ ರಾತ್ರಿ ಟ್ರೇನಲ್ಲಿ ಬರುವಾಗ, ಅಪ್ಪರ್ ಬರ್ತ್' ಅನ್ನುತ್ತಾನೆ.

ಗುಟ್ಟಿನ ವಿಷಯಕ್ಕೆ ಬಂದರೆ ಇನ್ನೂ ಹಿಂದಕ್ಕೆ ಹೋಗಬೇಕು. ಏದೆನ್ ತೋಟದಲ್ಲಿ ತಪ್ಪು ಮಾಡಿದ ಆದಾಮ, ಹವ್ವ ಮೊದಲು ಮಾಡಿದ್ದೇನು? ಅಂಜೂರದ ಎಲೆ ಹೊಲಿದು ಸುತ್ತಿಕೊಂಡರು, ಆಮೇಲೆ ಮರಗಳ ಹಿಂದೆ ಅಡಗಿಕೊಂಡರು. ದೇವರು ಕೇಳಿದ ಮೊದಲ ಪ್ರಶ್ನೆ 'ನೀನು ಎಲ್ಲಿದ್ದೀ?' ಎಂದು. 'ಏನು ಮಾಡಿದೆ?' ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ನನಗೆ ಈ ಕ್ರಮ ಬಹಳ ಮುಖ್ಯ ಅನ್ನಿಸುತ್ತದೆ. ದೇವರು ಹುಡುಕಿಕೊಂಡು ಬಂದದ್ದು ಅಡಗಿದವರನ್ನು. ಅವರ ಮೈ ಮುಚ್ಚಲು ಚರ್ಮದ ಅಂಗಿ ಮಾಡಿ ತೊಡಿಸಿದವನೂ ಆತನೇ.

ತಪ್ಪಿನ ಅರಿವು ಒಂದು, ನಾಚಿಕೆ ಇನ್ನೊಂದು. ತಪ್ಪಿನ ಅರಿವು 'ನಾನು ಕೆಟ್ಟದ್ದು ಮಾಡಿದೆ' ಅನ್ನುತ್ತದೆ. ಅದು ಮನುಷ್ಯನನ್ನು ದೇವರ ಕಡೆ ತಿರುಗಿಸುತ್ತದೆ. ನಾಚಿಕೆ 'ನಾನೇ ಕೆಟ್ಟವನು' ಅನ್ನುತ್ತದೆ. ಅದು ಮರದ ಹಿಂದಕ್ಕೆ ಓಡಿಸುತ್ತದೆ. ಅಲ್ಲಿ ಒಂಟಿತನ, ನೋವು. ಆ ನೋವು ಮರೆಯಲು ಮನಸ್ಸಿಗೆ ಗೊತ್ತಿರುವ ಔಷಧಿ ಒಂದೇ, ಅದೇ ವಿಡಿಯೊ. ಹೀಗೆ ನಾಚಿಕೆಯೇ ಚಟಕ್ಕೆ ಊಟವಾಗುತ್ತದೆ. ನಮ್ಮ ಪ್ರಸಂಗಗಳಲ್ಲಿ ನಾವು ಎಷ್ಟು ಹೆದರಿಸುತ್ತೇವೋ ಅಷ್ಟು ಹುಡುಗರು ಬಿಡುತ್ತಾರೆ ಅನ್ನುವುದು ತಪ್ಪು ಲೆಕ್ಕ. ಪೌಲನ 7ನೇ ಅಧ್ಯಾಯದ ಗೋಳಾಟ ಮುಗಿದ ಕೂಡಲೇ 8ನೇ ಅಧ್ಯಾಯ ಶುರುವಾಗುವುದು, ಕ್ರಿಸ್ತ ಯೇಸುವಿನಲ್ಲಿ ಇರುವವರಿಗೆ ಅಪರಾಧದ ತೀರ್ಪು ಇಲ್ಲ ಎಂಬ ಮಾತಿನಿಂದ. ಚಟ ಬಿಟ್ಟ ಮೇಲೆ ಸಿಗುವ ಬಹುಮಾನ ಅದಲ್ಲ. ಬಿಡಲು ಬೇಕಾದ ಧೈರ್ಯವೇ ಅದು.

ಆಣೆ ಯಾಕೆ ಮುರಿಯುತ್ತದೆ

ಆಣೆ ಮಾಡುವಾಗ ನಾವು ಗಟ್ಟಿಯಾಗಿರುತ್ತೇವೆ. ಆಸೆ ಬರುವುದು ಸೋತ ಹೊತ್ತಿನಲ್ಲಿ. ಹಸಿವು, ಸಿಟ್ಟು, ಒಂಟಿತನ, ಆಯಾಸ, ಇವು ನಾಲ್ಕೂ ಸೇರಿದ ರಾತ್ರಿಯಲ್ಲಿ ಬರುತ್ತದೆ. ಆಣೆ ಮುರಿದ ಕೂಡಲೇ ಇನ್ನೊಂದು ಅಪಾಯ ಕಾದಿರುತ್ತದೆ. 'ಹೇಗೂ ಬಿದ್ದಾಯ್ತಲ್ಲ, ಇನ್ನೇನು' ಅನ್ನುವ ಮನಸ್ಸು. ಅಲನ್ ಮಾರ್ಲಾಟ್ ಎಂಬ ಮನಶ್ಶಾಸ್ತ್ರಜ್ಞ ಕುಡಿತದ ಚಟದವರಲ್ಲಿ ಇದನ್ನು ಗುರುತಿಸಿದರು. ಒಂದು ಲೋಟ ಕುಡಿದದ್ದಕ್ಕಿಂತ, ಆ ಒಂದು ಲೋಟದ ನಂತರ ಬರುವ 'ನಾನು ಮುಗಿದೆ' ಎಂಬ ಯೋಚನೆಯೇ ಮತ್ತೆ ಪೂರ್ತಿ ಕುಡಿತಕ್ಕೆ ತಳ್ಳುತ್ತದೆ. ಹತ್ತು ನಿಮಿಷದ ಜಾರಿಕೆ ಹತ್ತು ದಿನದ ಬೀಳುವಿಕೆಯಾಗುವುದು ಹೀಗೆ. ದಿನ ಎಣಿಸುವ ಹುಡುಗರಿಗೆ ಇದು ಇನ್ನೂ ಕಷ್ಟ. 40 ದಿನ ಆಗಿತ್ತು, ಸೊನ್ನೆಯಾಯಿತು ಅಂತ ಕುಸಿದು ಕೂರುತ್ತಾರೆ. ಆ 40 ದಿನ ಎಲ್ಲಿಗೂ ಹೋಗಿಲ್ಲ. ಹೊಸ ಕಾಲುವೆಯಲ್ಲಿ 40 ದಿನ ನೀರು ಹರಿದಿದೆ. 90 ದಿನ ಬಿಟ್ಟರೆ ಮೆದುಳು ಹೊಸದಾಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಹಾಗೆ ಒಂದು ಮಂತ್ರದ ಸಂಖ್ಯೆ ಇಲ್ಲ.

ತೂಬು ಮುಚ್ಚಿದರೆ ಸಾಲದು. ಮೇಲಿನಿಂದ ನೀರು ಬರುತ್ತಲೇ ಇದ್ದರೆ ಏರಿ ಒಡೆಯುತ್ತದೆ. ಬೇರೆ ಕಾಲುವೆ ತೋಡಬೇಕು. ಯೇಸು ಸ್ವಾಮಿ ಇದನ್ನು ಮನೆಯ ಕಥೆಯಲ್ಲಿ ಹೇಳಿದರು, ಮತ್ತಾಯ 12ರಲ್ಲಿದೆ. ಅಶುದ್ಧಾತ್ಮ ಬಿಟ್ಟುಹೋದ ಮನೆ ಗುಡಿಸಿ ಚೆನ್ನಾಗಿದೆ, ಆದರೆ ಖಾಲಿ. ಹೋದದ್ದು ಇನ್ನೂ ಏಳು ಆತ್ಮಗಳನ್ನು ಕರೆದುಕೊಂಡು ವಾಪಸ್ ಬರುತ್ತದೆ.

ಹೇಳುವುದು, ಯಾರಿಗೆ ಹೇಳುವುದು

ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ, ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ, ಆಗ ಗುಣವಾಗುತ್ತೀರಿ ಎಂಬ ಅರ್ಥದ ಮಾತಿದೆ. ಕ್ಷಮೆ ದೇವರಿಂದ. ಗುಣವಾಗುವುದು ಮಾತ್ರ ಇನ್ನೊಬ್ಬ ಮನುಷ್ಯನ ಮುಂದೆ ಬಾಯಿಬಿಟ್ಟಾಗ ಅಂತ ಯಾಕೋಬ ಹೇಳುತ್ತಿದ್ದಾನೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದಾಗಿ ಇಟ್ಟುಕೊಂಡದ್ದೂ ಇದನ್ನೇ. ತಪ್ಪನ್ನು ದೇವರಿಗೆ, ತನಗೆ, ಇನ್ನೊಬ್ಬ ಮನುಷ್ಯನಿಗೆ ಒಪ್ಪಿಕೊಳ್ಳುವುದು.

ಕ್ಯಾಥೊಲಿಕ್ ಸಹೋದರ ಸಹೋದರಿಯರಿಗೆ ಪಾಪನಿವೇದನೆಯ ದಾರಿ ಇದೆ. ಅಲ್ಲಿ ಹೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ನಮ್ಮಂಥ ಪ್ರಾಟೆಸ್ಟಂಟರಿಗೆ ಆ ಕಟ್ಟುಪಾಡು ಇಲ್ಲದ ಕಾರಣ ಯಾರಿಗೆ ಹೇಳುತ್ತೇವೆ ಅನ್ನುವುದರಲ್ಲಿ ಎಚ್ಚರ ಬೇಕು. ನನಗೆ ಇದರಲ್ಲಿ ಪೆಟ್ಟು ಬಿದ್ದಿದೆ. ಮೊದಲ ಸಲ ನಾನು ಹೇಳಿಕೊಂಡದ್ದು ಆಗ ಹೋಗುತ್ತಿದ್ದ ಒಂದು ಕೂಟದ ಹಿರಿಯರೊಬ್ಬರಿಗೆ. ಅವರು ಆ ಶುಕ್ರವಾರದ ಕೂಟದಲ್ಲಿ ನನ್ನ ಹೆಸರು ಹೇಳಿ 'ಈ ಸಹೋದರನ ಕಣ್ಣಿನ ಪಾಪಕ್ಕಾಗಿ ಪ್ರಾರ್ಥಿಸೋಣ' ಅಂದರು. ಮೂವತ್ತು ಜನ ಕಣ್ಣು ಮುಚ್ಚಿದ್ದರು. ನಾನು ಮಾತ್ರ ಕಣ್ಣು ಬಿಟ್ಟುಕೊಂಡು ಜಮಖಾನದ ಅಂಚಿನ ದಾರ ಎಣಿಸುತ್ತಾ ಕೂತಿದ್ದೆ. ಅದಾದ ಮೇಲೆ ಎರಡು ವರ್ಷ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಚಟ ಇನ್ನೂ ಜಾಸ್ತಿಯಾಯಿತು.

ಎರಡನೆಯ ಸಲ ಹೇಳಿದ್ದು ರಿಟೈರ್ ಆದ ಒಬ್ಬ ಮೇಷ್ಟ್ರಿಗೆ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಎಲ್ಲ ಕೇಳಿ, ಒಂದು ಲೋಟ ನೀರು ಕೊಟ್ಟು, "ನಾಳೆ ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಹತ್ತಿರ ಬಾಪ್ಪ, ನಡೆಯೋಣ" ಅಂದರು. ಅಷ್ಟೇ. ಮಾರನೇ ದಿನ ಹೋದೆ. ಅದರ ಮಾರನೇ ದಿನವೂ ಹೋದೆ. ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೆ ಇರಬೇಕಾದವನು ರಾತ್ರಿ ಎರಡರ ತನಕ ಫೋನ್ ಹಿಡಿದು ಕೂರಲು ಆಗುವುದಿಲ್ಲ. ಅವರು ವಾರಕ್ಕೊಮ್ಮೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈ ವಾರ ಹೇಗಿತ್ತು?" ಬಿದ್ದಿದ್ದರೆ ಬಿದ್ದೆ ಅನ್ನುತ್ತಿದ್ದೆ. "ಯಾವಾಗ? ಅದಕ್ಕೆ ಮುಂಚೆ ಏನಾಗಿತ್ತು?" ಅಂತ ಕೇಳುತ್ತಿದ್ದರು. ಬಹಳ ಸಲ ಅದಕ್ಕೆ ಮುಂಚೆ ಅಪ್ಪನ ಜೊತೆ ಫೋನಲ್ಲಿ ಜಗಳವಾಗಿರುತ್ತಿತ್ತು. ನನಗೇ ಗೊತ್ತಿರದ ಈ ವಿಷಯ ಗೊತ್ತಾದದ್ದು ಆ ನಡಿಗೆಗಳಲ್ಲಿ.

ಗಂಡಸಾದರೆ ಗಂಡಸಿಗೆ, ಹೆಣ್ಣುಮಗಳಾದರೆ ಹೆಣ್ಣುಮಗಳಿಗೆ ಹೇಳುವುದು ಒಳ್ಳೆಯದು. ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ಹೇಳುವವರಿಗೆ ನಿಮ್ಮದನ್ನು ಹೇಳಬೇಡಿ. ಅದೇ ಚಟದಲ್ಲಿ ಮುಳುಗಿರುವ ಗೆಳೆಯನೊಬ್ಬನಿಗೆ ಮಾತ್ರ ಹೇಳಿ ನಿಲ್ಲಿಸಬೇಡಿ, ಇಬ್ಬರೂ ಸೇರಿ ಸಮಾಧಾನ ಮಾಡಿಕೊಂಡು ಮುಗಿಯುತ್ತದೆ.

ಫೋನಿನ ವಿಷಯ

ಮತ್ತಾಯ 5ರಲ್ಲಿ ಕಣ್ಣು ಕಿತ್ತುಹಾಕು ಅಂದದ್ದನ್ನು ಅಕ್ಷರಶಃ ಮಾಡುವವರಿಲ್ಲ. ಆದರೆ ಫೋನನ್ನು ರೂಮಿನಿಂದ ಹೊರಗಿಡುವಷ್ಟಾದರೂ ಮಾಡಬಹುದು. ಆ ಹುಡುಗನಿಗೆ ನಾನು ಹೇಳಿದ ಮೊದಲ ಕೆಲಸ ಅಲಾರಂ ಗಡಿಯಾರ ಕೊಳ್ಳುವುದು. 'ಅಲಾರಂಗೆ ಫೋನ್ ಬೇಕಲ್ಲ' ಅನ್ನುವುದು ಎಲ್ಲರೂ ಕೊಡುವ ಕಾರಣ. ಅವನು ಅಶೋಕ ರಸ್ತೆಯ ಅಂಗಡಿಯೊಂದರಲ್ಲಿ ನೆತ್ತಿ ಮೇಲೆ ಬಡಿಯುವ ಎರಡು ಗಂಟೆ ಇರುವ ಹಳೇ ಕಾಲದ ಗಡಿಯಾರ ತಂದ. ಫೋನ್ ಈಗ ರೂಮ್‌ಮೇಟ್‌ಗಳ ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕದ ಪ್ಲಗ್‌ನಲ್ಲಿ ಚಾರ್ಜ್ ಆಗುತ್ತದೆ. ಶಿಫ್ಟ್ ಮುಗಿಸಿ ಬಂದ ಕೂಡಲೇ ಮೊದಲು ಊಟ, ಆಮೇಲೆ ಸ್ನಾನ, ಆಮೇಲೆ ನಿದ್ದೆ. ಹಸಿದ ಹೊಟ್ಟೆಯಲ್ಲಿ ಹಾಸಿಗೆಗೆ ಬೀಳುತ್ತಿದ್ದವನು ಅವನು.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇದೆ. ಅಶ್ಲೀಲ ತಾಣ ತಡೆಯುವ ಉಚಿತ ಸೇವೆಗಳನ್ನು ಅಲ್ಲಿ ಹಾಕಿಕೊಳ್ಳಬಹುದು. ಕ್ಲೌಡ್‌ಫ್ಲೇರ್ 2020ರಲ್ಲಿ ಕುಟುಂಬಗಳಿಗೆಂದೇ ಇಂಥದ್ದೊಂದು ಸೇವೆ ಶುರುಮಾಡಿತು. ಬುದ್ಧಿವಂತನಾದವನು ಎರಡು ನಿಮಿಷದಲ್ಲಿ ಇದನ್ನು ತೆಗೆದುಹಾಕಬಲ್ಲ. ಆದರೂ ಆ ಎರಡು ನಿಮಿಷ ಮುಖ್ಯ. ಸೆಳೆತ ಅಲೆಯ ಹಾಗೆ ಏರಿ ಇಳಿಯುತ್ತದೆ. ಬಹಳ ಸಲ ಅರ್ಧ ಗಂಟೆಯೊಳಗೆ ಅದರ ಜೋರು ತಗ್ಗುತ್ತದೆ. ಅದರ ಜೊತೆ ಕುಸ್ತಿ ಆಡದೆ, 'ಬಂದಿದೆ, ಎದೆ ಹೊಡೆದುಕೊಳ್ಳುತ್ತಿದೆ, ಹೋಗುತ್ತದೆ' ಅಂತ ಗಮನಿಸುತ್ತಾ ಎದ್ದು ಹೊರಗೆ ಬನ್ನಿ. ಆದಿಕಾಂಡದಲ್ಲಿ ಒಡೆಯ ಪೋಟೀಫರನ ಹೆಂಡತಿ ಹಿಡಿದಾಗ ಯೋಸೇಫ ವಾದ ಮಾಡುತ್ತಾ ನಿಲ್ಲಲಿಲ್ಲ. ಬಟ್ಟೆ ಬಿಟ್ಟು ಓಡಿದ.

ಬಿಟ್ಟ ಮೊದಲ ವಾರಗಳಲ್ಲಿ ಸಿಡಿಮಿಡಿ, ನಿದ್ದೆ ಬಾರದಿರುವುದು, ಖಾಲಿ ಖಾಲಿ ಅನ್ನಿಸುವುದು ಇರಬಹುದು. ಆ ಹೊತ್ತಿಗೆ ಏನಾದರೂ ಸಿಕ್ಕರೆ ಸಾಕು. ಕ್ವಾಯರ್‌ಗೆ ಸೇರಿಕೊಳ್ಳಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಅದಕ್ಕೆ ಯಾವ ಧರ್ಮವೂ ಅಡ್ಡಿಯಿಲ್ಲ. ಊರಿಗೆ ಹೋಗಿ ಅಪ್ಪನ ಗದ್ದೆಯಲ್ಲಿ ನೀರು ಕಟ್ಟಿ.

ವೈದ್ಯರ ಹತ್ತಿರ ಹೋಗುವುದು ನಂಬಿಕೆ ಕಡಿಮೆಯಾದ ಗುರುತಲ್ಲ. ಖಿನ್ನತೆ, ಆತಂಕ, ಚಿಕ್ಕಂದಿನಲ್ಲಿ ಆದ ದೌರ್ಜನ್ಯ ಎಷ್ಟೋ ಸಲ ಈ ಚಟದ ಕೆಳಗೆ ಮಲಗಿರುತ್ತವೆ. ಯೋಚನೆ, ನಡವಳಿಕೆಗಳ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆಗಳಿಂದ ಉಪಯೋಗವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಿಂದ ಷಟ್ ಕ್ಲಿನಿಕ್ ನಡೆಯುತ್ತಿದೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್, ಎರಡರಲ್ಲೂ ಮನೋವೈದ್ಯರ ವಿಭಾಗ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಮಾತಾಡಬಹುದು. ಸಾಯಬೇಕು ಅನ್ನಿಸುತ್ತಿದ್ದರೆ ಇವತ್ತೇ ಮಾಡಿ. ಹುಡುಕಾಟ ಮಕ್ಕಳ ದೃಶ್ಯಗಳ ಕಡೆ ಹೋಗುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಅದು ಮಕ್ಕಳ ಮೇಲಿನ ದೌರ್ಜನ್ಯ. ಅದನ್ನು ನೋಡುವುದು, ಇಟ್ಟುಕೊಳ್ಳುವುದು ಅಪರಾಧ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಖಚಿತವಾಗಿ ಹೇಳಿದೆ.

ಮದುವೆ ಮಾಡಿದರೆ ಸರಿಹೋಗುತ್ತದಾ?

ಇಲ್ಲ. ಈ ಮಾತನ್ನು ನಮ್ಮ ಹಿರಿಯರು ಬಿಡಬೇಕು. ಚಟ ಸಂಗಾತಿ ಇಲ್ಲದ್ದಕ್ಕೆ ಬಂದದ್ದಲ್ಲ, ಹಾಗಾಗಿ ಸಂಗಾತಿ ಬಂದ ಕೂಡಲೇ ಹೋಗುವುದೂ ಇಲ್ಲ. ಕೆಲವು ತಿಂಗಳು ತಣ್ಣಗಿದ್ದು ವಾಪಸ್ ಬರುತ್ತದೆ. ಆಗ ಅದರ ಜೊತೆ ಇನ್ನೊಬ್ಬಳ ಬದುಕೂ ಸಿಕ್ಕಿಕೊಂಡಿರುತ್ತದೆ. ಗೊತ್ತಾದ ದಿನ ಹೆಂಡತಿ ಮೊದಲು ಕನ್ನಡಿ ನೋಡಿಕೊಳ್ಳುತ್ತಾಳೆ. 'ನನ್ನಲ್ಲಿ ಏನು ಕಡಿಮೆ?' ಅಂತ. ಅಮ್ಮಾ, ನಿಮ್ಮಲ್ಲಿ ಏನೂ ಕಡಿಮೆಯಿಲ್ಲ. ನಿಮ್ಮನ್ನು ನೋಡುವ ಮುಂಚೆಯೇ ಆ ನಾಲೆ ತೋಡಿ ಆಗಿತ್ತು. ಕೂಡಲೇ ಕ್ಷಮಿಸಿ ಅಂತ ಒತ್ತಾಯಿಸುವವರ ಮಾತಿಗೆ ಅವಸರಪಡಬೇಡಿ. ನಿಮಗೂ ಮಾತಾಡಲು ಒಬ್ಬರು ಬೇಕು. ಗಂಡನನ್ನು ಕಾಯುವ ಪೊಲೀಸ್ ಕೆಲಸ ನಿಮ್ಮದಲ್ಲ. ಅವನ ವಾರದ ಲೆಕ್ಕ ಕೇಳಲು ಬೇರೆ ಗಂಡಸು ಇರಲಿ.

ಮಕ್ಕಳ ಫೋನಿನಲ್ಲಿ ಕಂಡರೆ ಮೊದಲು ಹೊಡೆಯಬೇಡಿ. ಹೊಡೆದರೆ ಮಗ ಬಿಡುವುದಿಲ್ಲ, ಬಚ್ಚಿಡುವುದನ್ನು ಇನ್ನೂ ಚೆನ್ನಾಗಿ ಕಲಿಯುತ್ತಾನೆ. "ಇದನ್ನು ಮೊದಲು ಯಾರು ತೋರಿಸಿದರು ಮಗಾ? ನೋಡಿದಾಗ ಭಯ ಆಯ್ತಾ?" ಅಂತ ಕೇಳಿ. ಉತ್ತರ ಬರಲು ಎರಡು ದಿನ ಹಿಡಿಯಬಹುದು.

ಹೇಳಿಕೊಳ್ಳಬೇಕು ಅಂತ ಇದ್ದೀರಿ, ಮಾತು ಹೇಗೆ ಶುರುಮಾಡುವುದು ಗೊತ್ತಾಗುತ್ತಿಲ್ಲ ಅಂದರೆ ಇಷ್ಟು ಸಾಕು: "ನಿಮ್ಮ ಹತ್ತಿರ ಒಂದು ವಿಷಯ ಹೇಳಬೇಕು. ನನಗೆ ಪೋರ್ನ್ ನೋಡುವ ಚಟ ಇದೆ. ಒಬ್ಬನೇ ಬಿಡಲು ಆಗುತ್ತಿಲ್ಲ." ಎದುರಿಗೆ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ವಿವರ ಬೇಡ, ಏನು ನೋಡಿದಿರಿ ಅನ್ನುವುದನ್ನು ಬಣ್ಣಿಸುವುದು ಬೇಡ.

ಇನ್ನು ಆ ಮಾತು ನಿಮ್ಮ ಕಿವಿಗೆ ಬಿದ್ದರೆ, ನೀವು ಪಾಸ್ಟರ್ ಆಗಿರಲಿ, ಅಣ್ಣನಾಗಿರಲಿ, ಪಕ್ಕದ ಮನೆಯವರಾಗಿರಲಿ, ಮುಖ ಸಿಂಡರಿಸಬೇಡಿ. ವಚನ ಹೇಳಲು ಅವಸರ ಮಾಡಬೇಡಿ. ಹೇಳಿದ್ದಕ್ಕೆ ಥ್ಯಾಂಕ್ಸ್ ಅನ್ನಿ. ಇದು ನಮ್ಮಿಬ್ಬರಲ್ಲೇ ಇರುತ್ತದೆ ಅನ್ನಿ, ಹಾಗೇ ಇಟ್ಟುಕೊಳ್ಳಿ. ಪ್ರಾರ್ಥನೆ ಮಾಡಿ, ಚಿಕ್ಕದಾಗಿ. ಆಮೇಲೆ ಯಾವಾಗ ಮತ್ತೆ ಸಿಗುವುದು ಅಂತ ದಿನ, ಹೊತ್ತು ಎರಡನ್ನೂ ಗೊತ್ತುಮಾಡಿಕೊಂಡು ಎದ್ದೇಳಿ. ನಾನು ಆ ಹುಡುಗನಿಗೆ ಬುಧವಾರ ಸಂಜೆ ಆರೂವರೆ ಅಂದೆ. ಅವನು ಆರೂ ಕಾಲಿಗೇ ಬಂದು ಗೇಟಿನ ಹತ್ತಿರ ನಿಂತಿದ್ದ.